ಹಳೆ ವಾಹನದ ಇಂಡಿಕೇಟರ್, ಪಾರ್ಕಿಂಗ್ ದೀಪ: ಕೆಟ್ಟರೆ ಹುಡುಕುವ ಬಗೆ

ವಾಹನದ ಮುಂದಿನ ದೊಡ್ಡ ದೀಪ ಕೆಟ್ಟರೆ ಚಾಲಕನಿಗೆ ಕೂಡಲೇ ಗೊತ್ತಾಗುತ್ತದೆ. ಎದುರಿನ ದಾರಿಯೇ ಕಾಣದಾಗುತ್ತದೆ. ಮರುದಿನ ಬೆಳಗ್ಗೆ ಗಾಡಿ ಗ್ಯಾರೇಜಿನ ಮುಂದೆ ನಿಂತಿರುತ್ತದೆ. ಇಂಡಿಕೇಟರ್ ಮತ್ತು ಪಾರ್ಕಿಂಗ್ ದೀಪಗಳ ಪಾಡು ಹಾಗಲ್ಲ. ಅವು ಚಾಲಕನಿಗೆ ದಾರಿ ತೋರಿಸುವ ದೀಪಗಳಲ್ಲ. ಚಾಲಕನ ಮನಸ್ಸಿನಲ್ಲಿ ಇರುವುದನ್ನು ಇತರರಿಗೆ ತಿಳಿಸುವ ದೀಪಗಳು. ಆದ್ದರಿಂದಲೇ ಅವು ಕೆಟ್ಟ ಸುದ್ದಿ ಚಾಲಕನಿಗೆ ಎಲ್ಲರಿಗಿಂತ ತಡವಾಗಿ ಮುಟ್ಟುತ್ತದೆ. ಕೆಲವೊಮ್ಮೆ ಹಿಂದಿನಿಂದ ಬಂದ ಬೈಕ್ ಸವಾರ ಬಿದ್ದ ಮೇಲೆಯೇ ಮುಟ್ಟುತ್ತದೆ.

ನಮ್ಮ ಜಿಲ್ಲೆಯ ರಸ್ತೆಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ಹೇಳಬೇಕಾದ್ದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ, ಬಸ್ಸುಗಳ ವೇಗ ಒಂದು ಬಗೆ. ಚೆರ್ಕಳ - ಕಲ್ಲಡ್ಕ ರಸ್ತೆಯ ಏರುತಗ್ಗು, ಕುರುಡು ತಿರುವುಗಳು ಇನ್ನೊಂದು ಬಗೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಮುಖ್ಯ ರಸ್ತೆಯಿಂದ ತೋಟದ ದಾರಿಗೆ ತಟ್ಟನೆ ತಿರುಗುವ ವಾಹನಗಳು ಎಷ್ಟೋ. ಜೂನ್ ತಿಂಗಳಲ್ಲಿ ಮಳೆ ಹಿಡಿದು ಹಗಲೇ ಕತ್ತಲಾದಾಗ ಹಿಂದೆ ಬರುವವನಿಗೆ ಕಾಣುವುದು ಎರಡು ಕೆಂಪು ಚುಕ್ಕಿ ಮತ್ತು ಮಿನುಗುವ ಒಂದು ಹಳದಿ ಚುಕ್ಕಿ ಮಾತ್ರ. ಅದೂ ಇಲ್ಲವೆಂದರೆ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜೀಪು, 1983ರಲ್ಲಿ ಹೊರಬಂದ ಮಾರುತಿ 800 - ಇವೆಲ್ಲ ತಯಾರಿಕೆ ನಿಂತ ಬಳಿಕವೂ ಅನೇಕ ಮನೆಗಳಲ್ಲಿ ಉಳಿದುಕೊಂಡಿವೆ. ಕೆಲವರಿಗೆ ಅದು ಹಿರಿಯರು ಕೊಂಡ ಗಾಡಿ ಎಂಬ ಪ್ರೀತಿ. ಕೆಲವರಿಗೆ ಬೇರೆ ಕೊಳ್ಳಲು ಕೈಯಲ್ಲಿ ಹಣವಿಲ್ಲ. ಕಾರಣ ಯಾವುದೇ ಇರಲಿ, ಈ ವಾಹನಗಳಲ್ಲಿ ಒಂದು ಅನುಕೂಲವಿದೆ. ಇವುಗಳ ದೀಪದ ವ್ಯವಸ್ಥೆಯಲ್ಲಿ ಗಣಕಯಂತ್ರದ ಗೊಡವೆ ಇಲ್ಲ. 12 ವೋಲ್ಟಿನ ಬ್ಯಾಟರಿ, ಕೆಲವು ವಯರು, ಸ್ವಿಚ್ಚು, ಬಲ್ಬು - ಇಷ್ಟೇ. ತಾಳ್ಮೆಯಿಂದ ಕ್ರಮವಾಗಿ ನೋಡಿದರೆ ದೋಷದ ಜಾಗವನ್ನು ಮನೆಯ ಅಂಗಳದಲ್ಲೇ ಕಂಡುಹಿಡಿಯಬಹುದು. ರಿಪೇರಿ ಕೈಯಲ್ಲಾಗದಿದ್ದರೂ ಎಲ್ಲಿ ಕೆಟ್ಟಿದೆ ಎಂದು ತಿಳಿದು ಗ್ಯಾರೇಜಿಗೆ ಹೋಗುವುದಕ್ಕೂ, ಏನೂ ತಿಳಿಯದೆ ಹೋಗುವುದಕ್ಕೂ ಖರ್ಚಿನಲ್ಲಿ ಬಹಳ ವ್ಯತ್ಯಾಸವುಂಟು.

ವಿದ್ಯುತ್ತು ಹೋಗುವ ದಾರಿ, ಮರಳುವ ದಾರಿ

ಯಾವುದೇ ಬಲ್ಬು ಉರಿಯಬೇಕಾದರೆ ವಿದ್ಯುತ್ತು ಬ್ಯಾಟರಿಯಿಂದ ಹೊರಟು, ಬಲ್ಬಿನ ತಂತಿಯನ್ನು ಹಾದು, ಮತ್ತೆ ಬ್ಯಾಟರಿಗೆ ಮರಳಬೇಕು. ಮನೆಯ ವಯರಿಂಗಿನಲ್ಲಿ ಹೋಗಲು ಒಂದು ವಯರು, ಬರಲು ಒಂದು ವಯರು. ವಾಹನದಲ್ಲಿ ಹೋಗಲು ಮಾತ್ರ ವಯರು. ಮರಳಲು ವಾಹನದ ಕಬ್ಬಿಣದ ಮೈಯೇ ದಾರಿ. ಇದನ್ನೇ ಮೆಕ್ಯಾನಿಕ್‌ಗಳು 'ಅರ್ತ್' ಎನ್ನುತ್ತಾರೆ. ಹೆಸರು ಅರ್ತ್ ಎಂದಿದ್ದರೂ ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಪಾರ್ಕಿಂಗ್ ದೀಪಗಳ ದಾರಿ ಸುಲಭ: ಬ್ಯಾಟರಿ, ಫ್ಯೂಸು, ಲೈಟಿನ ಸ್ವಿಚ್ಚು, ಅಲ್ಲಿಂದ ಮುಂದಿನ ಎರಡು ಬಿಳಿ ದೀಪ, ಹಿಂದಿನ ಎರಡು ಕೆಂಪು ದೀಪ, ನಂಬರ್ ಪ್ಲೇಟಿನ ದೀಪ. ಕೀಲಿಕೈ ತೆಗೆದಿಟ್ಟರೂ ಇವು ಉರಿಯುವಂತೆ ಸಾಮಾನ್ಯವಾಗಿ ಜೋಡಿಸಿರುತ್ತಾರೆ. ರಾತ್ರಿ ರಸ್ತೆ ಬದಿಯಲ್ಲಿ ನಿಂತ ಗಾಡಿ ಇತರರಿಗೆ ಕಾಣಬೇಕಲ್ಲ! ಒಂದೊಂದು ಬಲ್ಬು ಸುಮಾರು 5 ವ್ಯಾಟಿನದು.

ಇಂಡಿಕೇಟರಿನ ದಾರಿ ಸ್ವಲ್ಪ ಉದ್ದ: ಕೀಲಿಕೈ ತಿರುಗಿಸಿದ ಮೇಲೆ ಫ್ಯೂಸು, ಅಲ್ಲಿಂದ 'ಫ್ಲಾಷರ್' ಎಂಬ ಸಣ್ಣ ಡಬ್ಬಿ, ಬಳಿಕ ಸ್ಟೇರಿಂಗಿನ ಬಳಿಯ ಹಿಡಿ, ಹಿಡಿಯಿಂದ ಎಡಕ್ಕೊಂದು ಬಲಕ್ಕೊಂದು ಕವಲು. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಸ್ವಿಚ್ಚು ಇರುವ ಅನೇಕ ವಾಹನಗಳಲ್ಲಿ ಈ ದಾರಿ ಅದರ ಮೂಲಕವೂ ಹಾದುಹೋಗುತ್ತದೆ. ಇಲ್ಲಿನ ಬಲ್ಬುಗಳು 21 ವ್ಯಾಟಿನವು; ಒಂದೊಂದೂ ಸುಮಾರು 1.75 ಆಂಪಿಯರ್ ಎಳೆಯುತ್ತದೆ.

ಮೊದಲು ಲಕ್ಷಣ ನೋಡಿ

ವೈದ್ಯರು ನಾಡಿ ಹಿಡಿಯುವ ಮೊದಲು ರೋಗಿಯ ಮಾತು ಕೇಳುತ್ತಾರೆ. ಇಲ್ಲಿಯೂ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಬ್ಬರು ಒಳಗೆ ಕುಳಿತು, ಇನ್ನೊಬ್ಬರು ಹೊರಗೆ ನಿಂತು ನೋಡಬೇಕು. ಪಾರ್ಕಿಂಗ್ ದೀಪ ಹಾಕಿ. ಅದು ಉರಿಯುತ್ತಿರುವಾಗಲೇ ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಬಳಿಕ ಬ್ರೇಕು. ಒಂದೊಂದನ್ನೇ ಬೇರೆ ಬೇರೆಯಾಗಿ ನೋಡಿದರೆ ಸಾಲದು. ಒಟ್ಟಿಗೆ ಹಾಕಿ ನೋಡಿದಾಗಲೇ ಒಳಗಿನ ಗುಟ್ಟು ಹೊರಬರುವುದು.

ಒಂದು ಬದಿಯ ಇಂಡಿಕೇಟರ್ ಸರಿಯಾಗಿದ್ದು ಇನ್ನೊಂದು ಬದಿ ಸತ್ತಿದ್ದರೆ ಫ್ಯೂಸು, ಫ್ಲಾಷರ್ ಎರಡೂ ಸರಿ ಇವೆ ಎಂದೇ ತಿಳಿಯಬೇಕು. ದೋಷ ಆ ಬದಿಯ ಬಲ್ಬು, ಹೋಲ್ಡರ್, ಅರ್ತ್ ಅಥವಾ ಹಿಡಿಯೊಳಗಿನ ಆ ಬದಿಯ ತಗಡಿನಲ್ಲಿದೆ. ಎರಡು ಬದಿಯೂ ಸತ್ತಿದ್ದರೆ ನಾಲ್ಕು ಬಲ್ಬುಗಳು ಒಟ್ಟಿಗೆ ಸುಟ್ಟಿರುವ ಸಂಭವ ಕಡಿಮೆ; ಫ್ಯೂಸು, ಹಜಾರ್ಡ್ ಸ್ವಿಚ್ಚು, ಫ್ಲಾಷರ್ - ಈ ಕ್ರಮದಲ್ಲಿ ನೋಡಿ.

ಮಿನುಗುವ ವೇಗವೂ ಒಂದು ಭಾಷೆಯೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆಯಾಗದೆ, 120ನ್ನು ಮೀರದೆ ಮಿನುಗಬೇಕು. ಗಡಿಯಾರ ನೋಡಿ 15 ಸೆಕೆಂಡು ಎಣಿಸಿದರೆ 15ರಿಂದ 30ರ ಒಳಗೆ ಬರಬೇಕು. ಒಂದು ಬದಿ ಮಾತ್ರ ಅವಸರವಸರವಾಗಿ ಮಿನುಗಿದರೆ ಆ ಬದಿಯಲ್ಲಿ ಒಂದು ಬಲ್ಬು ಸುಟ್ಟಿರಬೇಕು. ಎಲೆಕ್ಟ್ರಾನಿಕ್ ಫ್ಲಾಷರ್ ಅದನ್ನು ಹಾಗೆ ತಿಳಿಸುತ್ತದೆ. ಹಳೆಯ, ಬಿಸಿಯಿಂದ ಕೆಲಸ ಮಾಡುವ ಫ್ಲಾಷರ್ ಇದ್ದರೆ ಅದೇ ದೋಷಕ್ಕೆ ಮಿನುಗು ನಿಧಾನವಾಗುತ್ತದೆ, ಅಥವಾ ದೀಪ ಮಿನುಗದೆ ಸುಮ್ಮನೆ ಉರಿಯುತ್ತಾ ನಿಲ್ಲುತ್ತದೆ. ಎರಡು ಬದಿಯೂ ನಿಧಾನವಾಗಿದ್ದು, ಇಂಜಿನಿನ ವೇಗ ಹೆಚ್ಚಿಸಿದಾಗ ಸರಿಯಾದರೆ ಬ್ಯಾಟರಿ ಬಳಲಿದೆ ಎಂದರ್ಥ.

ಇನ್ನು ವಿಚಿತ್ರ ಲಕ್ಷಣಗಳು. ಬ್ರೇಕು ಒತ್ತಿದರೆ ಪಾರ್ಕಿಂಗ್ ದೀಪ ಮಂಕಾಗಿ ಹೊತ್ತಿಕೊಳ್ಳುವುದು. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಅದರೊಂದಿಗೆ ಮಿನುಗುವುದು. ಪಾರ್ಕಿಂಗ್ ದೀಪ ಹಾಕಿದ ಕೂಡಲೇ ಇಂಡಿಕೇಟರ್ ನಿಂತುಹೋಗುವುದು. ಇಂಥದ್ದನ್ನು ಕಂಡು ಅನೇಕರು 'ವಯರಿಂಗೇ ಹೋಯಿತು' ಎಂದು ಕೈಚೆಲ್ಲುತ್ತಾರೆ. ಎಷ್ಟೋ ಸಲ ಹೋದದ್ದು ಅರ್ತಿನ ಒಂದು ಬೋಲ್ಟು ಮಾತ್ರ. ಅದರ ವಿಷಯ ಮುಂದೆ ಹೇಳುತ್ತೇವೆ.

ಬಲ್ಬು ಮತ್ತು ಅದರ ಗೂಡು

ಅಗ್ಗದ, ಸುಲಭದ ವಸ್ತುವಿನಿಂದ ತೊಡಗಬೇಕು. ದೀಪ ಆರಿಸಿ, ಮೇಲಿನ ಪ್ಲಾಸ್ಟಿಕ್ ಗಾಜು ಬಿಚ್ಚಿ, ಬಲ್ಬನ್ನು ಒಳಕ್ಕೆ ಒತ್ತಿ ತಿರುಗಿಸಿದರೆ ಕೈಗೆ ಬರುತ್ತದೆ. ಒಳಗಿನ ತಂತಿ ಕಡಿದಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಆದರೆ ಕಣ್ಣಿಗೆ ಸರಿಯಾಗಿ ಕಂಡದ್ದೆಲ್ಲ ಸರಿಯೆಂದಲ್ಲ. ಎರಡು ವಯರು ಹಿಡಿದು ನೇರ ಬ್ಯಾಟರಿಗೆ ತಾಗಿಸಿ ಉರಿಸಿ ನೋಡುವುದೇ ನಿಜವಾದ ಪರೀಕ್ಷೆ.

ಬಲ್ಬಿನ ಬುಡದಲ್ಲಿ ಸೀಸದ ಸಣ್ಣ ಗುಬುಟು ಇರುತ್ತದೆ. ಕಾಲ ಕಳೆದಂತೆ ಅದು ಸವೆದು ಚಪ್ಪಟೆಯಾಗುತ್ತದೆ. ಹೋಲ್ಡರಿನ ಒಳಗಿನ ಸ್ಪ್ರಿಂಗು ಸಡಿಲವಾಗಿ ಅದನ್ನು ಮುಟ್ಟದಾಗುತ್ತದೆ. ಗುಂಡಿಗೆ ಚಕ್ರ ಬಿದ್ದಾಗ ಉರಿದು, ಮುಂದಿನ ಗುಂಡಿಗೆ ಆರುವ ದೀಪಕ್ಕೆ ಇದೇ ಕಾರಣ. ಹೋಲ್ಡರಿನ ಒಳಗೆ ಹಸಿರು ಕಿಲುಬು ಹಿಡಿದಿದ್ದರೆ ನಯವಾದ ಸ್ಯಾಂಡ್ ಪೇಪರಿನ ತುಂಡನ್ನು ಪೆನ್ಸಿಲಿಗೆ ಸುತ್ತಿ ತಿಕ್ಕಿ. ಲೋಹದ ಹೊಳಪು ಕಾಣುವ ತನಕ ತಿಕ್ಕಿದರೆ ಸಾಕು. ಕಡಲಿಗೆ ಹತ್ತಿರದ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರು ಉಪ್ಪುಗಾಳಿಯ ಪ್ರತಾಪವನ್ನು ಕಿಟಕಿಯ ಸರಳುಗಳಲ್ಲೇ ಕಂಡಿರುತ್ತಾರೆ. ದೀಪದ ಗೂಡಿನೊಳಗೂ ಅದೇ ನಡೆಯುತ್ತಿರುತ್ತದೆ.

ಹಿಂದಿನ ದೀಪದಲ್ಲಿ ಎರಡು ತಂತಿಯ ಬಲ್ಬು ಇರುವುದುಂಟು. 5 ವ್ಯಾಟಿನದು ಪಾರ್ಕಿಂಗಿಗೆ, 21 ವ್ಯಾಟಿನದು ಬ್ರೇಕಿಗೆ. ಇದು ತಿರುಗುಮುರುಗಾಗಿ ಕೂರಬಾರದೆಂದು ಅದರ ಎರಡು ಮೊಳೆಗಳನ್ನು ಮೇಲುಕೆಳಗಾಗಿ ಇಟ್ಟಿರುತ್ತಾರೆ. ಹೋಲ್ಡರ್ ಸವೆದಿದ್ದರೆ ಬಲವಂತಕ್ಕೆ ತಪ್ಪಾಗಿಯೂ ಕೂರುತ್ತದೆ. ಆಗ ಪಾರ್ಕಿಂಗ್ ದೀಪ ಕಣ್ಣು ಕುಕ್ಕುವಷ್ಟು ಉರಿಯುತ್ತದೆ. ಬ್ರೇಕು ಒತ್ತಿದರೆ ಬೆಳಕು ಹೆಚ್ಚಾದದ್ದೇ ಹಿಂದಿನವನಿಗೆ ತಿಳಿಯುವುದಿಲ್ಲ. ಬಲ್ಬು ಬದಲಾಯಿಸಿದ ಮೇಲೆ ಇದನ್ನು ಮರೆಯದೆ ನೋಡಬೇಕು.

ಹೊಸ ಬಲ್ಬು ಮತ್ತೆ ಮತ್ತೆ ಸುಡುತ್ತಿದ್ದರೆ ಬಲ್ಬಿನ ಕಂಪೆನಿಯನ್ನು ಬೈದು ಫಲವಿಲ್ಲ. ಇಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಸುಮಾರು 14 ವೋಲ್ಟು ಇರಬೇಕು. 15ನ್ನು ಮೀರುತ್ತಿದ್ದರೆ ಚಾರ್ಜಿಂಗಿನ ರೆಗ್ಯುಲೇಟರನ್ನು ನೋಡಿಸಬೇಕು.

ಎಲ್ಲರೂ ಮರೆಯುವ ಅರ್ತ್

ಹಳೆಯ ವಾಹನದ ದೀಪದ ಕಾಯಿಲೆಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ಇದೇ. ವಿದ್ಯುತ್ತು ದೀಪದ ತನಕ ಸರಿಯಾಗಿ ಬರುತ್ತದೆ. ಮರಳುವ ದಾರಿಯಲ್ಲಿ ತುಕ್ಕು ಅಡ್ಡ ನಿಂತಿರುತ್ತದೆ. ಹೊಸ ಬಲ್ಬು ಹಾಕಿದರೂ, ಹೊಸ ಫ್ಲಾಷರ್ ಹಾಕಿದರೂ ಇದು ಸರಿಯಾಗದು.

ತುಕ್ಕು ಸ್ವಲ್ಪವೇ ಇದ್ದರೂ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹೇಳಬಹುದು. ಉರಿಯುತ್ತಿರುವ 21 ವ್ಯಾಟಿನ ಬಲ್ಬಿನ ಪ್ರತಿರೋಧ ಸುಮಾರು 7 ಓಮ್ ಮಾತ್ರ. ಬೋಲ್ಟಿನ ಬುಡದ ತುಕ್ಕು ಬರೀ 2 ಓಮ್ ಪ್ರತಿರೋಧ ಒಡ್ಡಿತೆನ್ನಿ. ಬಲ್ಬಿಗೆ ಸಿಗಬೇಕಾದ ವೋಲ್ಟಿನಲ್ಲಿ ಐದನೆಯ ಒಂದು ಪಾಲು ಅಲ್ಲೇ ನಷ್ಟ. ಐದನೆಯ ಒಂದು ಪಾಲು ತಾನೇ ಎನ್ನಬೇಡಿ. ತಂತಿಯ ಬಲ್ಬಿನ ಗುಣವೇನೆಂದರೆ ವೋಲ್ಟು ಅಷ್ಟು ಇಳಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ.

ಅರ್ತ್ ಪೂರ್ತಿ ಕಡಿದರೆ ಇನ್ನೂ ಸ್ವಾರಸ್ಯ. ಹಿಂದಿನ ಒಂದು ಬದಿಯ ಪಾರ್ಕಿಂಗ್, ಬ್ರೇಕು, ಇಂಡಿಕೇಟರ್ ಮೂರಕ್ಕೂ ಅನೇಕ ವಾಹನಗಳಲ್ಲಿ ಮರಳುವ ದಾರಿ ಒಂದೇ. ಕಟ್ಟೆ ಕಟ್ಟಿದ ತೋಡಿನ ನೀರು ಪಕ್ಕದ ಗದ್ದೆಗೆ ನುಗ್ಗುವಂತೆ, ಇಂಡಿಕೇಟರಿಗೆ ಬಂದ ವಿದ್ಯುತ್ತು ಮರಳಲು ದಾರಿ ಕಾಣದೆ ಪಾರ್ಕಿಂಗ್ ಬಲ್ಬಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಪಾರ್ಕಿಂಗಿನ ವಯರು ಹಿಡಿದು ಉಳಿದ ಪಾರ್ಕಿಂಗ್ ಬಲ್ಬುಗಳ ಮೂಲಕ, ಅವುಗಳ ಒಳ್ಳೆಯ ಅರ್ತ್ ಕಂಡುಕೊಂಡು ಬ್ಯಾಟರಿಗೆ ಮರಳುತ್ತದೆ. ಸಂಬಂಧವಿಲ್ಲದ ದೀಪಗಳು ಮಂಕಾಗಿ ಮಿನುಗುವ ಆ ವಿಚಿತ್ರದ ಗುಟ್ಟು ಇಷ್ಟೇ.

ಇದನ್ನು ಖಚಿತಪಡಿಸಿಕೊಳ್ಳಲು ಮೂರು ನಾಲ್ಕು ಮೀಟರ್ ಉದ್ದದ ಒಂದು ವಯರು ಸಾಕು. ಅದರ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ ಭದ್ರವಾಗಿ ಕಟ್ಟಿ. ಕೆಟ್ಟ ದೀಪವನ್ನು ಹಾಕಿ, ವಯರಿನ ಇನ್ನೊಂದು ತುದಿಯನ್ನು ಆ ದೀಪದ ಹೋಲ್ಡರಿನ ಲೋಹದ ಮೈಗೆ ತಾಗಿಸಿ. ಒಳಗಿನ ಸ್ಪ್ರಿಂಗಿಗೆ ತಾಗಿಸಬಾರದು. ಅಲ್ಲಿಗೆ ತಾಗಿದರೆ ಫ್ಯೂಸು ಹಾರುತ್ತದೆ. ಮೈಗೆ ತಾಗಿಸಿದ ಕೂಡಲೇ ದೀಪ ಚುರುಕಾಗಿ ಉರಿದರೆ ದೋಷ ಅರ್ತಿನದ್ದೇ. ಮಲ್ಟಿಮೀಟರ್ ಇದ್ದವರು ದೀಪ ಉರಿಯುವಾಗ ಹೋಲ್ಡರಿನ ಮೈಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವಿನ ವೋಲ್ಟು ಅಳೆಯಲಿ. ಅರ್ಧ ವೋಲ್ಟು ಮೀರಿದರೆ ಮರಳುವ ದಾರಿ ಕೆಟ್ಟಿದೆ. (ಹಿಂದೆ ಪಾಸಿಟಿವ್ ತುದಿಯನ್ನೇ ಅರ್ತ್ ಮಾಡಿದ ವಾಹನಗಳೂ ಇದ್ದವು. ಬಹಳ ಹಳೆಯ ಗಾಡಿಯಾದರೆ ಯಾವ ತುದಿ ಮೈಗೆ ಸೇರಿದೆ ಎಂದು ನೋಡಿಕೊಂಡೇ ಮುಂದುವರಿಯಬೇಕು.)

ಮದ್ದು ಸುಲಭ. ದೀಪದ ಬಳಿ ಅರ್ತ್ ವಯರು ಕೂರುವ ಬೋಲ್ಟನ್ನು ಬಿಚ್ಚಿ. ಅದರ ಕೆಳಗಿನ ಬಣ್ಣ, ತುಕ್ಕು ಎರಡನ್ನೂ ಹೊಳೆಯುವ ಲೋಹ ಕಾಣುವ ತನಕ ಕೆರೆಯಿರಿ. ವಯರಿನ ತುದಿಯ ಕಣ್ಣನ್ನೂ ಕೆರೆಯಿರಿ. ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ, ಮೊದಲಲ್ಲ, ಅದರ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಮುಂದಿನ ಮಳೆಗಾಲದ ನೀರನ್ನು ಅದು ತಡೆಯುತ್ತದೆ. ಗುದ್ದಿಸಿಕೊಂಡು ಬಣ್ಣ ಹೊಡೆಸಿದ ಗಾಡಿಯಲ್ಲಿ ಹೊಸ ಬಣ್ಣವೇ ಅರ್ತಿಗೆ ಅಡ್ಡವಾಗಿರುವುದೂ ಉಂಟು.

ಫ್ಯೂಸು ಮತ್ತು ಫ್ಲಾಷರ್

ಫ್ಯೂಸು ಎಂದರೆ ಮನೆಗೆ ಕಾವಲು ನಾಯಿ ಇದ್ದಂತೆ. ಅದು ಬೊಗಳಿದರೆ ನಾಯಿಯನ್ನು ಕಟ್ಟಿಹಾಕುವುದಲ್ಲ. ಯಾರು ಬಂದರು ಎಂದು ನೋಡಬೇಕು. 10 ಆಂಪಿಯರಿನ ಫ್ಯೂಸು ಸುಟ್ಟಿತೆಂದು 30ರದ್ದನ್ನು ಹಾಕುವುದು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ತಂತಿ ಕಟ್ಟುವುದು - ಇವೆಲ್ಲ ಗಾಡಿಗೆ ಬೆಂಕಿ ಕೊಡುವ ಕೆಲಸ. ಮುಂದಿನ ಸಲ ಫ್ಯೂಸಿನ ಬದಲು ವಯರೇ ಸುಡುತ್ತದೆ.

ಹಳೆಯ ಗಾಡಿಗಳ ಉರುಟು ಫ್ಯೂಸುಗಳಲ್ಲಿ ಇನ್ನೊಂದು ತೊಂದರೆ. ಒಳಗಿನ ತಂತಿ ಸರಿಯಿದ್ದರೂ ಎರಡು ತುದಿಗಳಲ್ಲಿ ಕಿಲುಬು ಹಿಡಿದು ಸಂಪರ್ಕ ತಪ್ಪಿರುತ್ತದೆ. ಬೆರಳಿನಿಂದ ನಾಲ್ಕು ಸಲ ಹೊರಳಿಸಿದರೆ ದೀಪ ಬರುತ್ತದೆ; ವಾರದಲ್ಲಿ ಮತ್ತೆ ಹೋಗುತ್ತದೆ. ಫ್ಯೂಸಿನ ತುದಿ, ಅದು ಕೂರುವ ತಗಡು ಎರಡನ್ನೂ ತಿಕ್ಕಿ ಶುಚಿ ಮಾಡಿ, ತಗಡನ್ನು ಸ್ವಲ್ಪ ಒಳಕ್ಕೆ ಬಾಗಿಸಿದರೆ ಕೆಲಸ ಮುಗಿಯಿತು.

ಹೊಸ ಫ್ಯೂಸು ಹಾಕಿದ ಕೂಡಲೇ ಸುಟ್ಟರೆ ಎಲ್ಲೋ ವಯರಿನ ಸಿಪ್ಪೆ ಹೋಗಿ ಮೈಗೆ ತಾಗುತ್ತಿದೆ. ಇದನ್ನು ಹುಡುಕಲು ಫ್ಯೂಸುಗಳನ್ನು ಸುಡುತ್ತಾ ಹೋಗಬೇಕಾಗಿಲ್ಲ. ಪಾರ್ಕಿಂಗ್ ಬಲ್ಬುಗಳನ್ನೆಲ್ಲ ತೆಗೆದಿಡಿ. ಫ್ಯೂಸಿನ ಜಾಗದಲ್ಲಿ ಎರಡು ವಯರು ಸೇರಿಸಿದ ಒಂದು 21 ವ್ಯಾಟಿನ ಬಲ್ಬನ್ನು ಜೋಡಿಸಿ ಸ್ವಿಚ್ಚು ಹಾಕಿ. ದೋಷ ಇರುವ ತನಕ ಅದು ಪೂರ್ಣವಾಗಿ ಉರಿಯುತ್ತದೆ. ಈಗ ಹಿಂದಿನ ದೀಪದ ಕನೆಕ್ಟರ್, ಮುಂದಿನ ದೀಪದ ಕನೆಕ್ಟರ್, ನಂಬರ್ ಪ್ಲೇಟಿನ ವಯರು ಹೀಗೆ ಒಂದೊಂದಾಗಿ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ ಬಲ್ಬು ಆರುವುದೋ ದೋಷ ಆ ಕವಲಿನಲ್ಲಿದೆ.

ಫ್ಲಾಷರ್ ಡ್ಯಾಷ್‌ಬೋರ್ಡಿನ ಕೆಳಗೆ ಇರುವ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ. ಟಿಕ್ ಟಿಕ್ ಸದ್ದು ಬರುವುದು ಇದರಿಂದಲೇ. ಹಳೆಯದರಲ್ಲಿ ಎರಡು ಲೋಹ ಬೆಸೆದ ಪಟ್ಟಿಯೊಂದು ಬಿಸಿಯಾಗಿ ಬಾಗುತ್ತಾ ತಣಿದು ಮರಳುತ್ತಾ ದೀಪವನ್ನು ಆರಿಸಿ ಹೊತ್ತಿಸುತ್ತದೆ. ಇದನ್ನು ಪರೀಕ್ಷಿಸುವುದು ಹೀಗೆ: ಎರಡು ಕಾಲಿನ ಫ್ಲಾಷರನ್ನು ಕಿತ್ತು, ಅದು ಕೂರುತ್ತಿದ್ದ ಎರಡು ತುದಿಗಳನ್ನು ಒಂದು ವಯರಿನಿಂದ ಸೇರಿಸಿ, ಕೀಲಿಕೈ ತಿರುಗಿಸಿ ಇಂಡಿಕೇಟರ್ ಹಾಕಿ. ದೀಪಗಳು ಮಿನುಗದೆ ಉರಿದರೆ ಫ್ಲಾಷರ್ ಕೆಟ್ಟಿದೆ; ಹೊಸದು ತನ್ನಿ. ಉರಿಯದಿದ್ದರೆ ಫ್ಲಾಷರಿನದ್ದು ತಪ್ಪಲ್ಲ. ಅದಕ್ಕೆ ವಿದ್ಯುತ್ತೇ ಬರುತ್ತಿಲ್ಲ ಅಥವಾ ಅದರ ಆಚೆಗಿನ ಹಿಡಿ ಕೆಟ್ಟಿದೆ. ಮೂರು ಕಾಲಿನದ್ದಾದರೆ 'ಬಿ' ಮತ್ತು 'ಎಲ್' ಗುರುತಿನ ತುದಿಗಳನ್ನು ಮಾತ್ರ ಸೇರಿಸಬೇಕು. ಮೂರನೆಯದನ್ನು ಮುಟ್ಟಬಾರದು.

ಹಿಡಿ, ವಯರು ಮತ್ತು ಇಲಿ

ಹಜಾರ್ಡ್ ಸ್ವಿಚ್ಚನ್ನು ವರ್ಷಗಟ್ಟಲೆ ಒತ್ತದೆ ಇದ್ದರೆ ಒಳಗೆ ಕಿಲುಬು ಹಿಡಿದು ಅದರ ಮೂಲಕ ಹಾಯುವ ಇಂಡಿಕೇಟರಿನ ದಾರಿಯೂ ಕಟ್ಟಿಹೋಗುತ್ತದೆ. ಹತ್ತು ಹದಿನೈದು ಸಲ ಒತ್ತಿ ಬಿಟ್ಟು ನೋಡಿ. ಅಷ್ಟರಲ್ಲೇ ಜೀವ ಬಂದ ಗಾಡಿಗಳಿವೆ. ಸ್ಟೇರಿಂಗಿನ ಹಿಡಿಯನ್ನು ಮೆಲ್ಲನೆ ಮೇಲೆ ಕೆಳಗೆ ಒತ್ತಿ ಹಿಡಿದಾಗ ಮಾತ್ರ ಇಂಡಿಕೇಟರ್ ಬರುತ್ತಿದ್ದರೆ ಹಿಡಿಯೊಳಗಿನ ತಗಡು ಸವೆದಿದೆ. ಇದನ್ನು ಬಿಚ್ಚುವುದು ಬಲ್ಲವರ ಕೆಲಸ. ಸಣ್ಣ ಗುಂಡು, ಸ್ಪ್ರಿಂಗು ಹಾರಿಹೋದರೆ ಮತ್ತೆ ಸಿಗುವುದಿಲ್ಲ.

ಅಡಿಕೆ, ತೆಂಗಿನಕಾಯಿ ರಾಶಿ ಹಾಕಿದ ಕೊಟ್ಟಿಗೆಯ ಮಗ್ಗುಲಲ್ಲಿ ಗಾಡಿ ನಿಲ್ಲಿಸುವವರು ಇಲಿಯನ್ನು ಮರೆಯಬಾರದು. ಬಾನೆಟ್ಟಿನ ಮೂಲೆ, ಡಿಕ್ಕಿಯ ಒಳಬದಿ, ಹಿಂದಿನ ದೀಪದ ಹಿಂಭಾಗ ಇವು ಇಲಿಗೆ ಪ್ರಿಯವಾದ ಜಾಗಗಳು. ವಯರು ತುಂಡಾದಲ್ಲಿ ಬರೇ ಹೊಸೆದು ಟೇಪು ಸುತ್ತಿದರೆ ಎರಡು ಮಳೆಗಾಲ ಬಾಳದು. ನೀರು ಒಳಗಿಳಿದು ತಾಮ್ರ ಹಸಿರು ಪುಡಿಯಾಗುತ್ತದೆ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವು ತೊಡಿಸಬೇಕು. ವಯರಿಗೆ ಕೈಹಾಕುವ ಮೊದಲು ಬ್ಯಾಟರಿಯ ಅರ್ತ್ ತುದಿಯನ್ನು ಬಿಚ್ಚಿಡುವುದನ್ನು ಮರೆಯಬೇಡಿ.

ಹೊಸ ಎಲ್.ಇ.ಡಿ. ಬಲ್ಬುಗಳು

ಹಳೆಯ ಬಲ್ಬಿನ ಜಾಗಕ್ಕೆ ಎಲ್.ಇ.ಡಿ. ಹಾಕಿದೊಡನೆ ಇಂಡಿಕೇಟರ್ ಹುಚ್ಚಾಗಿ ಮಿನುಗುತ್ತದೆ ಅಥವಾ ಮಿನುಗುವುದೇ ಇಲ್ಲ ಎಂದು ಹಲವರು ದೂರುತ್ತಾರೆ. ಎಲ್.ಇ.ಡಿ. ಎಳೆಯುವ ವಿದ್ಯುತ್ತು ಬಹಳ ಕಡಿಮೆ. ಫ್ಲಾಷರ್ ಅದನ್ನು ಕಂಡು ಬಲ್ಬು ಸುಟ್ಟಿದೆ ಎಂದೇ ತಿಳಿಯುತ್ತದೆ. ಎಲ್.ಇ.ಡಿ.ಗೆ ಹೊಂದುವ ಫ್ಲಾಷರ್ ಹಾಕಬೇಕು. ಇಲ್ಲವೇ ಹಳೆಯ 21 ವ್ಯಾಟಿನ ಬಲ್ಬಿಗೇ ಮರಳಬೇಕು. ಬಣ್ಣದ ವಿಷಯದಲ್ಲಿಯೂ ಜಾಗ್ರತೆ ಬೇಕು: ಇಂಡಿಕೇಟರ್ ಹಳದಿ, ಮುಂದಿನ ಪಾರ್ಕಿಂಗ್ ಬಿಳಿ, ಹಿಂದಿನದು ಕೆಂಪು. ಬಿಸಿಲಿಗೆ ಮಾಸಿದ ಪ್ಲಾಸ್ಟಿಕ್ ಗಾಜು ಬಲ್ಬು ಸರಿಯಿದ್ದರೂ ಸಂಜ್ಞೆಯನ್ನು ಕೆಡಿಸುತ್ತದೆ. ಒಡೆದ ಕೆಂಪು ಗಾಜಿನಿಂದ ಹೊರಬರುವ ಬಿಳಿ ಬೆಳಕನ್ನು ಕಂಡವನು ಗಾಡಿ ಹಿಂದಕ್ಕೆ ಬರುತ್ತಿದೆ ಎಂದುಕೊಂಡಾನು.

ಗ್ಯಾರೇಜಿನಲ್ಲಿ ಹೇಳುವುದು ಹೇಗೆ?

ಗ್ಯಾರೇಜಿನಲ್ಲಿ ಮಲಯಾಳ ಮಾತ್ರ ಬಲ್ಲ ಮೆಕ್ಯಾನಿಕ್ ಇದ್ದರೆ ನಮ್ಮ ಮನೆಗಳ ಕೆಲವು ಹಿರಿಯರು ಹಿಂಜರಿಯುವುದುಂಟು. ಈ ಕೆಲಸದಲ್ಲಿ ಭಾಷೆ ದೊಡ್ಡ ಅಡ್ಡಿಯಲ್ಲ. ಬಲ್ಬು, ಫ್ಯೂಸು, ಅರ್ತ್, ಫ್ಲಾಷರ್ ಎಂಬ ಮಾತುಗಳು ಕನ್ನಡ, ತುಳು, ಮಲಯಾಳ ಮೂರಕ್ಕೂ ಒಂದೇ. ನಮ್ಮ ಎಡ - ಬಲ ಅವರ ಇಡತ್ - ವಲತ್. ಕೇಳಿದರೆ ಅಣ್ಣತಮ್ಮಂದಿರಂತೆ ಇವೆ. ಅಡ್ಡಿಯಾಗುವುದು ಬೇರೊಂದು: ಗಾಡಿಯ ಎದುರು ನಿಂತವನ ಎಡ ಗಾಡಿಯ ಎಡವಲ್ಲ. ಆದ್ದರಿಂದ 'ಡ್ರೈವರ್ ಕೂರುವ ಬದಿಯ ಹಿಂದಿನ ಇಂಡಿಕೇಟರ್' ಎಂದು ಬಿಡಿಸಿ ಹೇಳಿ. 'ಲೈಟು ಸರಿಯಿಲ್ಲ' ಎಂದಷ್ಟೇ ಹೇಳಿದರೆ ಅವರು ಮೊದಲಿನಿಂದ ಹುಡುಕಬೇಕು, ನೀವು ಅದಕ್ಕೆ ಹಣ ಕೊಡಬೇಕು. ಯಾವ ದೀಪ, ಯಾವಾಗ, ಮಳೆಯಲ್ಲೋ ಗುಂಡಿಯಲ್ಲೋ, ಬ್ರೇಕು ಒತ್ತಿದಾಗಲೋ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬದಲಾಯಿಸಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಿರಿ.

ಸ್ವಂತ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು ನವೀಕರಿಸುವಾಗಲೂ ದೀಪಗಳ ಪರೀಕ್ಷೆ ಇದೆ. ಒಂದು ಇಂಡಿಕೇಟರಿಗಾಗಿ ಗಾಡಿ ಹಿಂದಕ್ಕೆ ಕಳುಹಿಸಲ್ಪಟ್ಟರೆ ಒಂದು ದಿನದ ಕೂಲಿಯೂ ಹೋಯಿತು, ಪೆಟ್ರೋಲೂ ಹೋಯಿತು.

ದಾರಿಯಲ್ಲಿ ಕೆಟ್ಟರೆ

ದಾರಿಯಲ್ಲೇ ಇಂಡಿಕೇಟರ್ ಕೈಕೊಟ್ಟರೆ ಕೈಸನ್ನೆ ಇದ್ದೇ ಇದೆ. ಬಲಕ್ಕೆ ತಿರುಗುವುದಾದರೆ ಬಲಗೈಯನ್ನು ಅಂಗೈ ಮುಂದಕ್ಕಾಗಿ ನೇರ ಹೊರಚಾಚುವುದು. ಎಡಕ್ಕಾದರೆ ಚಾಚಿದ ಬಲಗೈಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸುವುದು. ನಿಧಾನಿಸುವುದಾದರೆ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸುವುದು. ಹಗಲಿನಲ್ಲಿ ಇದು ಸಾಕು. ರಾತ್ರಿಯಲ್ಲಿ, ಜಡಿಮಳೆಯಲ್ಲಿ ಕೈ ಯಾರಿಗೂ ಕಾಣದು. ಅಂಥ ಹೊತ್ತಿನಲ್ಲಿ ಬಲಕ್ಕೆ ತಿರುಗುವ ಬದಲು ಎಡಬದಿಯಲ್ಲಿ ನಿಂತು, ಹಿಂದುಮುಂದಿನ ವಾಹನಗಳು ಹೋದ ಮೇಲೆ ದಾಟುವುದೇ ಲೇಸು.

ಮಳೆ ಜೋರಾದೊಡನೆ ನಾಲ್ಕು ಇಂಡಿಕೇಟರುಗಳನ್ನೂ ಮಿನುಗಿಸುತ್ತಾ ಓಡಿಸುವ ಅಭ್ಯಾಸ ಈಚೆಗೆ ಹೆಚ್ಚಿದೆ. ಇದು ಒಳ್ಳೆಯದಲ್ಲ. ನಾಲ್ಕೂ ಮಿನುಗುವಾಗ ಗಾಡಿ ಎಡಕ್ಕೋ ಬಲಕ್ಕೋ ಎಂದು ತಿಳಿಸುವ ಮಾತೇ ಇಲ್ಲವಾಗುತ್ತದೆ. ಅದು ಕೆಟ್ಟು ನಿಂತ ವಾಹನದ ಸಂಜ್ಞೆ. ಓಡುವ ಗಾಡಿಗೆ ಮಳೆಯಲ್ಲಿ ಬೇಕಾದದ್ದು ಡಿಮ್ ಮಾಡಿದ ದೊಡ್ಡ ದೀಪ ಮತ್ತು ಅದರೊಂದಿಗೆ ಉರಿಯುವ ಹಿಂದಿನ ಕೆಂಪು ದೀಪ.

ಪಾರ್ಕಿಂಗ್ ದೀಪ ಉರಿಸಿಟ್ಟು ಗಾಡಿ ಬಿಟ್ಟುಹೋಗುವವರು ಲೆಕ್ಕ ಇಟ್ಟುಕೊಳ್ಳಬೇಕು. ಐದು ಬಲ್ಬುಗಳು ಸೇರಿ 25 ವ್ಯಾಟು, ಎಂದರೆ ಸುಮಾರು 2 ಆಂಪಿಯರು. ಹತ್ತು ಗಂಟೆ ಉರಿದರೆ 20 ಆಂಪಿಯರ್-ಗಂಟೆ. 35 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ಹಳೆಯ ಬ್ಯಾಟರಿಯಾದರೆ ಬೆಳಗ್ಗೆ ತಳ್ಳಲು ನಾಲ್ಕು ಮಂದಿಯನ್ನು ಕರೆಯಬೇಕಾದೀತು.

ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಐದು ನಿಮಿಷ ಸಾಕು. ಮನೆಯ ಮಗುವೊಂದನ್ನು ಗಾಡಿಯ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲಿಸಿ. ಇಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕು ಎಳೆದಿರಲಿ. 'ಎಡ ಉಂಟಾ? ಬಲ ಉಂಟಾ? ಕೆಂಪು ಎರಡೂ ಉಂಟಾ? ಬ್ರೇಕು?' ಎಂದು ಕೇಳಿ. 'ಉಂಟು, ಉಂಟು' ಎಂಬ ಉತ್ತರ ಬಂದರೆ ಹೊರಡಿ. 'ಇಲ್ಲ' ಎಂದರೆ ಅಂದಿನ ಪಯಣವನ್ನು ಒಂದು ಗಂಟೆ ತಡಮಾಡಿ, ಮೊದಲು ಬಲ್ಬು, ಬಳಿಕ ಅರ್ತ್ ನೋಡಿ. ಹಿಂದಿನಿಂದ ಬರುವವನ ಜೀವ ಆ ಸಣ್ಣ ಹಳದಿ ದೀಪವನ್ನು ನಂಬಿಕೊಂಡಿದೆ.